ಪ್ರಾಚೀನ ಈಜಿಪ್ಟಿನ ಹರಕೆಯ ಪ್ರಾಣಿ ಮಮ್ಮಿಗಳು: ಒಂದು ಅಧ್ಯಯನ

೧. ಪೀಠಿಕೆ

ಪ್ರಾಚೀನ ಈಜಿಪ್ಟ್ ಎಂದೊಡನೆ ಪಿರಮಿಡ್ಡುಗಳೂ ಅರಸರ ಮಮ್ಮಿಗಳೂ ನೆನಪಿಗೆ ಬರುವುದು ಸಹಜ. ಅದೇ ನಾಡಿನ ಮರಳಿನಡಿಯ ಸುರಂಗಗಳಲ್ಲಿ ಬೆಕ್ಕು, ನಾಯಿ, ಗಿಡುಗ, ಐಬಿಸ್ ಪಕ್ಷಿ, ಮೊಸಳೆ, ಬಬೂನ್ ಕೋತಿ, ಹಾವು, ಮೀನು ಮೊದಲಾದ ಜೀವಿಗಳ ಮಮ್ಮಿಗಳು ಲಕ್ಷೋಪಲಕ್ಷ ಸಂಖ್ಯೆಯಲ್ಲಿ ದೊರೆತಿವೆ. ಇವುಗಳಲ್ಲಿ ಬಹುಪಾಲು ದೇವರಿಗೆ ಭಕ್ತರು ಒಪ್ಪಿಸಿದವು. ಅರಸರ ಸಮಾಧಿಗಳು ಅಧಿಕಾರದ ಚರಿತ್ರೆಯನ್ನು ಹೇಳಿದರೆ ಈ ಸಣ್ಣ ಕಟ್ಟುಗಳು ಹೆಸರಿಲ್ಲದ ಜನರ ಬೇಡಿಕೆಗಳ ಚರಿತ್ರೆಯನ್ನು ಹೇಳುತ್ತವೆ. ಆದ್ದರಿಂದ ಜನಪದ ಧರ್ಮದ ಅಧ್ಯಯನದಲ್ಲಿ ಆಸಕ್ತರಾದವರಿಗೆ ಇವು ಮಹತ್ವದ ಆಕರಗಳು.

ಈ ಆಕರಗಳನ್ನು ಕೈಗೆತ್ತಿಕೊಂಡ ಕೂಡಲೇ ಒಂದು ವಿರೋಧ ಎದುರಾಗುತ್ತದೆ. ಈಜಿಪ್ಟಿನಲ್ಲಿ ಪವಿತ್ರ ಪ್ರಾಣಿಯನ್ನು ಕೊಂದವರಿಗೆ ಮರಣದಂಡನೆ ಕಾದಿತ್ತೆಂದು ಗ್ರೀಕ್ ಬರಹಗಾರರು ಹೇಳುತ್ತಾರೆ. ಮಮ್ಮಿಗಳೊಳಗಿನ ಎಲುಬುಗಳಾದರೋ ಆ ಪ್ರಾಣಿಗಳಲ್ಲಿ ಅನೇಕವು ಮರಿಗಳಾಗಿದ್ದಾಗಲೇ ಮನುಷ್ಯನ ಕೈಯಿಂದ ಸತ್ತವೆಂದು ಹೇಳುತ್ತವೆ. ಇದರ ಜೊತೆಗೆ ಮತ್ತೊಂದು ಪ್ರಶ್ನೆಯೂ ಇದೆ. ಪ್ರಾಣಿಯ ಆಕಾರದಲ್ಲಿ ಸೊಗಸಾಗಿ ಸುತ್ತಿದ ಎಷ್ಟೋ ಕಟ್ಟುಗಳಲ್ಲಿ ಪ್ರಾಣಿಯೇ ಇಲ್ಲ. ಇದು ಭಕ್ತರಿಗೆ ಮಾಡಿದ ವಂಚನೆಯೆ, ಅಥವಾ ಭಕ್ತಿಯದೇ ಇನ್ನೊಂದು ರೀತಿಯೆ? ಈ ಎರಡು ಪ್ರಶ್ನೆಗಳನ್ನು ಗ್ರೀಕ್ ಬರಹಗಳು, ಈಜಿಪ್ಟಿನವರೇ ಬರೆದ ದಾಖಲೆಗಳು, ಆಧುನಿಕ ಪ್ರಯೋಗಾಲಯದ ಪರೀಕ್ಷೆಗಳು ಎಂಬ ಮೂರು ಬಗೆಯ ಸಾಕ್ಷ್ಯಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಪ್ರಾಣಿ ಮಮ್ಮಿಗಳ ವರ್ಗೀಕರಣ

ಈಜಿಪ್ಟಿನ ಪ್ರಾಣಿ ಮಮ್ಮಿಗಳೆಲ್ಲ ಒಂದೇ ಉದ್ದೇಶದಿಂದ ಸಿದ್ಧವಾದವುಗಳಲ್ಲ. ಈ ಕ್ಷೇತ್ರದಲ್ಲಿ ವಿಸ್ತಾರವಾಗಿ ಕೆಲಸ ಮಾಡಿರುವ ಸಲೀಮಾ ಇಕ್ರಾಮ್ ಅವರ ವರ್ಗೀಕರಣವನ್ನು ಇಂದು ಬಹುಮಟ್ಟಿಗೆ ಎಲ್ಲ ವಿದ್ವಾಂಸರೂ ಅನುಸರಿಸುತ್ತಾರೆ. ಅದರಂತೆ ಮುಖ್ಯವಾಗಿ ನಾಲ್ಕು ಬಗೆಗಳನ್ನು ಗುರುತಿಸಬಹುದು.

ಮೊದಲನೆಯವು ಒಡೆಯನ ಪ್ರೀತಿಗೆ ಪಾತ್ರವಾದ ಸಾಕುಪ್ರಾಣಿಗಳು. ಒಡೆಯನೊಂದಿಗೆ ಪರಲೋಕದಲ್ಲಿಯೂ ಇರಲೆಂದು ಇವುಗಳನ್ನು ಹೂಳುತ್ತಿದ್ದರು. ಎರಡನೆಯವು ಆಹಾರದ ಮಮ್ಮಿಗಳು. ಸತ್ತವರ ಮುಂದಿನ ಊಟಕ್ಕೆಂದು ಬಾತು, ಹಕ್ಕಿ, ದನದ ಮಾಂಸದ ತುಂಡು ಇವುಗಳನ್ನು ಸಂಸ್ಕರಿಸಿ ಸಮಾಧಿಯಲ್ಲಿ ಇಡುತ್ತಿದ್ದರು. ಮೂರನೆಯವು ದೇವರ ಸಾನ್ನಿಧ್ಯವನ್ನು ಹೊತ್ತ ಪವಿತ್ರ ಪ್ರಾಣಿಗಳು. ಮೆಂಫಿಸ್ ನಗರದ ಏಪಿಸ್ ಎಂಬ ಹೋರಿ ಇದಕ್ಕೆ ಪ್ರಸಿದ್ಧ ನಿದರ್ಶನ. ನಿರ್ದಿಷ್ಟ ಚಿಹ್ನೆಗಳುಳ್ಳ ಒಂದೇ ಒಂದು ಹೋರಿಯನ್ನು ಹುಡುಕಿ ತಂದು, ಪ್ತಾಹ ದೇವನ 'ಬಾ' ಅಥವಾ ಪ್ರಕಟರೂಪವೆಂದು ಪೂಜಿಸಿ, ಅದು ಸತ್ತಾಗ ಅರಸನಿಗೆ ಸಲ್ಲುವ ಗೌರವದಿಂದ ಹೂಳುತ್ತಿದ್ದರು. ಒಂದು ಹೋರಿ ತೀರಿಕೊಂಡ ಬಳಿಕವೇ ಮತ್ತೊಂದರ ಅನ್ವೇಷಣೆ ನಡೆಯುತ್ತಿತ್ತು. ನಾಲ್ಕನೆಯ ಬಗೆಯೇ ಭಕ್ತರು ದೇವರಿಗೆ ಒಪ್ಪಿಸುತ್ತಿದ್ದ ಮಮ್ಮಿಗಳು. ಪ್ರಸ್ತುತ ಲೇಖನದ ವಿಷಯ ಇದು.

ಮೂರನೆಯ ಮತ್ತು ನಾಲ್ಕನೆಯ ಬಗೆಗಳ ನಡುವಿನ ಅಂತರವನ್ನು ಮರೆಯಬಾರದು. ಏಪಿಸ್ ಒಂದು ಕಾಲಕ್ಕೆ ಒಂದೇ. ಅದು ತಾನಾಗಿ ಬಾಳಿ ಸಾಯುವ ಜೀವ. ಒಪ್ಪಿಸುವ ಪ್ರಾಣಿಗಳಾದರೋ ಅಸಂಖ್ಯ. ಅವುಗಳ ಮಹತ್ವ ಪ್ರಾಪ್ತವಾಗುವುದೇ ಸಾವಿನ ಅನಂತರ. 'ಈಜಿಪ್ಟಿನವರು ಪ್ರಾಣಿಗಳನ್ನು ಪೂಜಿಸುತ್ತಿದ್ದರು' ಎಂಬ ಪ್ರಚಲಿತ ಹೇಳಿಕೆ ಈ ಎರಡನ್ನೂ ಒಂದರಲ್ಲೊಂದು ಬೆರೆಸುವುದರಿಂದ ಹುಟ್ಟಿದ್ದು. ಕ್ರಿ.ಶ. ೨ನೆಯ ಶತಮಾನದ ಆರಂಭದಲ್ಲಿ ರೋಮನ್ ಕವಿ ಜುವೆನಾಲ್ ತನ್ನ ಹದಿನೈದನೆಯ ವಿಡಂಬನ ಕಾವ್ಯದಲ್ಲಿ ಈಜಿಪ್ಟಿನ ಜನರನ್ನು ಹಾಸ್ಯ ಮಾಡಿದುದು ಇದೇ ತಪ್ಪು ಗ್ರಹಿಕೆಯ ಆಧಾರದ ಮೇಲೆ.

೩. ಪರಿಭಾಷೆಯ ಪ್ರಶ್ನೆ

ಈ ನಾಲ್ಕನೆಯ ಬಗೆಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬುದು ಕೇವಲ ಅನುವಾದದ ತೊಡಕಲ್ಲ. ಆಯ್ದುಕೊಳ್ಳುವ ಪದವೇ ವಸ್ತುವಿನ ಅರ್ಥವನ್ನು ಮುಂಚಿತವಾಗಿ ನಿರ್ಧರಿಸಿಬಿಡುವ ಸಾಧ್ಯತೆಯಿದೆ. 'ಬಲಿ' ಎಂದರೆ ದೇವರ ಮುಂದೆ ಕೊಲ್ಲುವ ಕ್ರಿಯೆಯೇ ಮುಖ್ಯವಾಗುತ್ತದೆ. ರಕ್ತ ಮಾಂಸಗಳು ದೇವರಿಗೆ ಅರ್ಪಿತವಾಗಿ ಪ್ರಸಾದವಾಗಿ ಹಂಚಿಕೆಯಾಗುತ್ತವೆ. ಈಜಿಪ್ಟಿನ ಮಮ್ಮಿಯಲ್ಲಿ ಇದ್ಯಾವುದೂ ಇಲ್ಲ. ಪ್ರಾಣಿಯನ್ನು ತಿನ್ನುವುದಿಲ್ಲ, ಸುಡುವುದಿಲ್ಲ. ಅದರ ದೇಹವನ್ನು ಕೆಡದಂತೆ ಕಾಪಾಡುವುದೇ ಇಲ್ಲಿ ಪ್ರಧಾನ. 'ನೈವೇದ್ಯ' ಎಂಬುದು ಎರಡನೆಯ ಬಗೆಗೆ, ಅಂದರೆ ಆಹಾರದ ಮಮ್ಮಿಗಳಿಗೆ ಹತ್ತಿರವಾದೀತು. ಅಲ್ಲಿಯೂ ಉಣ್ಣುವವರು ದೇವರಲ್ಲ, ಸತ್ತವರು. 'ಕಾಣಿಕೆ' ಎಂಬುದು ತೀರ ಸಾಮಾನ್ಯವಾದ ಮಾತು.

ಉಳಿದ ಪದಗಳಲ್ಲಿ 'ಹರಕೆ' ಹೆಚ್ಚು ಒಪ್ಪುತ್ತದೆ. ಹರಕೆಯಲ್ಲಿ ಬೇಡಿಕೆಯಿದೆ, ಬೇಡಿಕೆಗೂ ವಸ್ತುವಿಗೂ ಸಂಬಂಧವಿದೆ, ಒಪ್ಪಿಸಿದ ವಸ್ತು ದೇವರ ಆವರಣದಲ್ಲಿ ಭಕ್ತನ ಪ್ರತಿನಿಧಿಯಾಗಿ ಉಳಿಯುತ್ತದೆ. ಆದರೂ ಎಚ್ಚರಿಕೆಯಿಂದ ಬಳಸಬೇಕಾದ ಪದವಿದು. ಕನ್ನಡದ ಹರಕೆಯಲ್ಲಿ ಕಟ್ಟಿಕೊಳ್ಳುವುದು ಮೊದಲು, ಕೋರಿಕೆ ಈಡೇರಿದ ಮೇಲೆ ತೀರಿಸುವುದು ಆಮೇಲೆ. ಈಜಿಪ್ಟಿನಲ್ಲಿ ಮಮ್ಮಿಯನ್ನು ಬೇಡಿಕೆಯೊಡನೆ ಮುಂಚಿತವಾಗಿಯೇ ಒಪ್ಪಿಸುವುದೂ ಇತ್ತೆಂದು ತಿಳಿಯಲು ಆಧಾರಗಳಿವೆ. ಐಬಿಸ್ ಪಕ್ಷಿಯ ಒಡೆಯನಾದ ಥಾತ್ ದೇವನಿಗೆ ದೆಮೋಟಿಕ್ ಲಿಪಿಯಲ್ಲಿ ಬರೆದ ಮನವಿಪತ್ರಗಳು ದೊರೆತಿವೆ. ತಮಗೆ ಅನ್ಯಾಯ ಮಾಡಿದವರ ಮೇಲೆ ದೂರು ಕೊಟ್ಟು ನ್ಯಾಯ ಬೇಡುವ ಈ ಪತ್ರಗಳು ತೀರಿಸಿದ ಹರಕೆಯನ್ನಲ್ಲ, ಮುಂದಿಟ್ಟ ಮೊರೆಯನ್ನು ಸೂಚಿಸುತ್ತವೆ. ಈ ಭೇದವನ್ನು ಗಮನದಲ್ಲಿಟ್ಟುಕೊಂಡು ಮುಂದಿನ ಚರ್ಚೆಯಲ್ಲಿ 'ಹರಕೆಯ ಮಮ್ಮಿ' ಎಂಬ ಪದವನ್ನು ಬಳಸಲಾಗಿದೆ.

೪. ಕಾಲ ಮತ್ತು ಹಿನ್ನೆಲೆ

ಪ್ರಾಣಿಗಳಿಗೂ ದೇವತೆಗಳಿಗೂ ಇರುವ ನಂಟು ಈಜಿಪ್ಟಿನಲ್ಲಿ ಬಹು ಪ್ರಾಚೀನವಾದುದು. ಹರಕೆಯ ಮಮ್ಮಿಗಳು ಅಪಾರ ಸಂಖ್ಯೆಯಲ್ಲಿ ಕಾಣಿಸಿಕೊಳ್ಳುವುದಾದರೋ ಕ್ರಿ.ಪೂ. ೬೬೪ರಿಂದ ೩೩೨ರವರೆಗಿನ ಉತ್ತರ ಕಾಲಘಟ್ಟದಲ್ಲಿ. ಅದು ಮುಂದುವರಿದು ಕ್ರಿ.ಪೂ. ೩೦ರವರೆಗಿನ ಟಾಲೆಮಿ ಅರಸರ ಕಾಲದಲ್ಲಿ ತುತ್ತತುದಿಯನ್ನು ಮುಟ್ಟಿ, ರೋಮನ್ನರ ಆಳ್ವಿಕೆಯಲ್ಲಿಯೂ ಕೆಲಕಾಲ ಉಳಿಯಿತು. ಈ ಅವಧಿಯಲ್ಲಿ ಈಜಿಪ್ಟ್ ಪರ್ಷಿಯನ್ನರ, ಗ್ರೀಕರ, ರೋಮನ್ನರ ವಶಕ್ಕೆ ಒಂದಾದ ಮೇಲೊಂದರಂತೆ ಹೋಯಿತು. ಪರಕೀಯರ ಆಡಳಿತದಲ್ಲಿ ಪ್ರಾಣಿದೇವತೆಗಳ ಆರಾಧನೆ ಸ್ಥಳೀಯರಿಗೆ ತಮ್ಮತನವನ್ನು ಸಾರುವ ಗುರುತಾಯಿತೆಂಬ ಅಭಿಪ್ರಾಯವಿದೆ. ಇದು ಭಾಗಶಃ ನಿಜ. ಹೊರಗಿನ ಅರಸರು ಸ್ವತಃ ಈ ಆರಾಧನೆಗೆ ಪೋಷಣೆಯಿತ್ತರೆಂಬುದೂ ಅಷ್ಟೇ ನಿಜ. ಕ್ರಿ.ಪೂ. ೧೯೬ರ ರೊಸೆಟ್ಟಾ ಶಾಸನವು ಐದನೆಯ ಟಾಲೆಮಿ ಏಪಿಸ್, ಮ್ನೆವಿಸ್ ಹೋರಿಗಳಿಗೂ ಇತರ ಪವಿತ್ರ ಪ್ರಾಣಿಗಳಿಗೂ ನೀಡಿದ ದತ್ತಿಗಳನ್ನು ಹೊಗಳುತ್ತದೆ.

ಸಾಹಿತ್ಯಕ ಆಕರವನ್ನು ಶಾಸನದೊಂದಿಗೆ ಹೋಲಿಸಿ ನೋಡದಿದ್ದರೆ ಆಗುವ ಪ್ರಮಾದಕ್ಕೆ ಇಲ್ಲೊಂದು ಉದಾಹರಣೆಯಿದೆ. ಕ್ರಿ.ಪೂ. ೫೨೫ರಲ್ಲಿ ಈಜಿಪ್ಟನ್ನು ಗೆದ್ದ ಪರ್ಷಿಯದ ಅರಸ ಕ್ಯಾಂಬಿಸಸ್ ಏಪಿಸ್ ಹೋರಿಯನ್ನು ಕತ್ತಿಯಿಂದ ಇರಿದು ಕೊಂದನೆಂದು ಹೆರೊಡೋಟಸ್ ಬರೆದಿದ್ದಾನೆ. ಸಕ್ಕಾರಾದ ಸೆರಾಪಿಯಂನಲ್ಲಿ ದೊರೆತ ಶಾಸನವಾದರೋ ಅದೇ ಅರಸನ ಆಳ್ವಿಕೆಯ ಆರನೆಯ ವರ್ಷದಲ್ಲಿ ಏಪಿಸ್ ಒಂದನ್ನು ಸಕಲ ವಿಧಿಗಳೊಂದಿಗೆ ಹೂಳಲಾಯಿತೆಂದು ಹೇಳುತ್ತದೆ. ಅದರ ಕಲ್ಲಿನ ಶವಪೆಟ್ಟಿಗೆಯನ್ನು ಮಾಡಿಸಿಕೊಟ್ಟವನು ಕ್ಯಾಂಬಿಸಸನೇ. ಹೆರೊಡೋಟಸ್ ದಾಖಲಿಸಿದ್ದು ಸೋತವರ ನಡುವೆ ಹಬ್ಬಿದ್ದ ಕಥೆಯನ್ನಾಗಿರಬಹುದು. ಆ ಕಥೆಗೂ ಬೆಲೆಯಿದೆ. ಆದರೆ ಅದು ನಡೆದ ಘಟನೆಯ ಸಾಕ್ಷ್ಯವಲ್ಲ, ಜನರ ಮನಸ್ಸಿನ ಸಾಕ್ಷ್ಯ.

೫. ಕ್ಷೇತ್ರಗಳು ಮತ್ತು ಸಂಖ್ಯೆ

ಹರಕೆಯ ಮಮ್ಮಿಗಳ ನೆಲೆಗಳು ನೈಲ್ ನದಿಯ ಉದ್ದಕ್ಕೂ ಹರಡಿವೆ. ನದಿಯ ಮುಖಜಭೂಮಿಯ ಬುಬಾಸ್ಟಿಸ್ ಬೆಕ್ಕಿನ ದೇವತೆ ಬಾಸ್ಟೆಟಳ ಕ್ಷೇತ್ರ. ಮಧ್ಯ ಈಜಿಪ್ಟಿನ ಹರ್ಮೊಪೊಲಿಸ್ ಥಾತ್ ದೇವನ ಊರು. ಅದರ ಸ್ಮಶಾನ ಟೂನಾ ಎಲ್-ಗೆಬೆಲ್. ಫಯೂಮ್ ಪ್ರದೇಶದಲ್ಲಿಯೂ ಕೋಮ್ ಒಂಬೊದಲ್ಲಿಯೂ ಮೊಸಳೆಯ ದೇವರಾದ ಸೋಬೆಕ್ ಪ್ರಧಾನ. ಇವೆಲ್ಲವುಗಳಲ್ಲಿ ವೈವಿಧ್ಯದ ದೃಷ್ಟಿಯಿಂದ ಅಗ್ರಸ್ಥಾನ ಮೆಂಫಿಸ್ ನಗರದ ಸ್ಮಶಾನಭೂಮಿಯಾದ ಸಕ್ಕಾರಾಕ್ಕೆ ಸಲ್ಲಬೇಕು.

ಸಕ್ಕಾರಾದಲ್ಲಿ ೧೮೫೦–೫೧ರಲ್ಲಿ ಫ್ರಾನ್ಸಿನ ಒಗುಸ್ತ್ ಮಾರಿಯೆಟ್ ಏಪಿಸ್ ಹೋರಿಗಳ ಸಮಾಧಿಯಾದ ಸೆರಾಪಿಯಮನ್ನು ಬೆಳಕಿಗೆ ತಂದನು. ೧೯೬೪ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ವಾಲ್ಟರ್ ಬ್ರಯಾನ್ ಎಮರಿ ಅದೇ ಬಯಲಿನ ಉತ್ತರ ಭಾಗದಲ್ಲಿ ಉತ್ಖನನವನ್ನು ಆರಂಭಿಸಿದನು. ಅವನು ಹುಡುಕುತ್ತಿದ್ದುದು ಮೆಟ್ಟಿಲು ಪಿರಮಿಡ್ಡಿನ ಶಿಲ್ಪಿಯೆಂದು ಪ್ರಸಿದ್ಧನಾದ ಇಮ್ಹೋಟೆಪನ ಗೋರಿಯನ್ನು. ಅವನಿಗೆ ಸಿಕ್ಕಿದುದು ಐಬಿಸ್, ಗಿಡುಗ, ಬಬೂನ್ ಹಾಗೂ ಏಪಿಸ್ ಹೋರಿಯ ತಾಯಂದಿರಾದ ಹಸುಗಳ ಸುರಂಗಸಮಾಧಿಗಳು. ೧೯೭೧ರಲ್ಲಿ ತೀರಿಕೊಳ್ಳುವವರೆಗೂ ಅವನು ಇಮ್ಹೋಟೆಪನ ಗೋರಿಯನ್ನು ಕಾಣಲಿಲ್ಲ. ಆದರೆ ಅರಸು ಮನೆತನಗಳಾಚೆಗಿನ ಈಜಿಪ್ಟಿನ ಧರ್ಮಕ್ಕೆ ಬಾಗಿಲು ತೆರೆದ ಕೀರ್ತಿ ಅವನದಾಯಿತು.

ಇಲ್ಲಿನ ಸಂಖ್ಯೆಗಳು ಬೆರಗು ಹುಟ್ಟಿಸುವಂಥವು. ಸಕ್ಕಾರಾದ ಐಬಿಸ್ ಮಮ್ಮಿಗಳು ಸುಮಾರು ೧೭.೫ ಲಕ್ಷವೆಂದೂ ಟೂನಾ ಎಲ್-ಗೆಬೆಲ್‌ನವು ಸುಮಾರು ೪೦ ಲಕ್ಷವೆಂದೂ ಅಂದಾಜಿದೆ. ಐಬಿಸ್ ಎಂಬುದು ಕನ್ನಡ ನಾಡಿನ ಕೆರೆಗಳ ಬಳಿ ಕಾಣುವ ಬಿಳಿ ಕೆಂಬರಲಿನ ಹತ್ತಿರದ ಬಂಧು. ಸಕ್ಕಾರಾದಲ್ಲಿ ನರಿಮುಖದ ಅನೂಬಿಸ್ ದೇವನಿಗೆ ಮೀಸಲಾದ ಸುರಂಗಗಳನ್ನು ಪಾಲ್ ನಿಕೊಲ್ಸನ್ ನೇತೃತ್ವದ ತಂಡ ಪರಿಶೀಲಿಸಿ ೨೦೧೫ರಲ್ಲಿ ವರದಿಯನ್ನು ಪ್ರಕಟಿಸಿತು. ಅಲ್ಲಿ ಒಮ್ಮೆ ಸುಮಾರು ೮೦ ಲಕ್ಷ ಪ್ರಾಣಿಗಳ ಅವಶೇಷಗಳು ಇದ್ದಿರಬೇಕೆಂದು ತಂಡದ ಲೆಕ್ಕಾಚಾರ. ಅವುಗಳಲ್ಲಿ ಬಹುಪಾಲು ನಾಯಿಗಳು. ಅನೇಕವು ಹುಟ್ಟಿ ಕೆಲವೇ ಗಂಟೆಗಳೋ ದಿನಗಳೋ ಆಗಿದ್ದ ಮರಿಗಳು. ೨೦೧೯ರ ನವೆಂಬರಿನಲ್ಲಿ ಸಕ್ಕಾರಾದ ಬೆಕ್ಕಿನ ದೇಗುಲದ ಬಳಿ ಬೆಕ್ಕುಗಳ ಜೊತೆಗೆ ಸಿಂಹದ ಮರಿಗಳ ಮಮ್ಮಿಗಳೂ ದೊರೆತುದನ್ನು ಈಜಿಪ್ಟ್ ಸರ್ಕಾರ ಪ್ರಕಟಿಸಿತು.

ಇಷ್ಟೊಂದು ಪ್ರಾಣಿಗಳು ಎಲ್ಲಿಂದ ಬಂದವು? ದೇವಾಲಯಗಳ ಬಳಿ ಸಾಕಣೆಯ ಕೇಂದ್ರಗಳಿದ್ದಿರಬೇಕೆಂದು ಬಹುಕಾಲ ನಂಬಲಾಗಿತ್ತು. ಬೆಕ್ಕು ನಾಯಿಗಳ ಮಟ್ಟಿಗೆ ಈ ಊಹೆ ಇಂದಿಗೂ ಬಲವಾಗಿದೆ. ಆದರೆ ೨೦೧೯ರಲ್ಲಿ ಸ್ಯಾಲಿ ವಾಸೆಫ್ ಮತ್ತು ಸಂಗಡಿಗರು ೧೪ ಐಬಿಸ್ ಮಮ್ಮಿಗಳ ವಂಶವಾಹಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಕಾಡುಹಕ್ಕಿಗಳಲ್ಲಿರುವಷ್ಟೇ ವೈವಿಧ್ಯ ಕಂಡುಬಂದಿತು. ತಲೆತಲಾಂತರದಿಂದ ಕೂಡಿಹಾಕಿ ಸಾಕಿದ್ದರೆ ಈ ವೈವಿಧ್ಯ ಕುಗ್ಗಬೇಕಿತ್ತು. ಆದ್ದರಿಂದ ಜೌಗುನೆಲಗಳಿಗೆ ಬರುತ್ತಿದ್ದ ಕಾಡು ಐಬಿಸ್‌ಗಳನ್ನು ಮೇವಿಟ್ಟು ಒಲಿಸಿಕೊಂಡು, ಸ್ವಲ್ಪಕಾಲ ಇಟ್ಟುಕೊಳ್ಳುತ್ತಿದ್ದಿರಬೇಕೆಂಬುದು ಅವರ ನಿಲುವು. ಬಬೂನ್‌ಗಳ ಸ್ಥಿತಿ ಬೇರೆ. ಅವು ಈಜಿಪ್ಟಿನ ಮೂಲನಿವಾಸಿಗಳೇ ಅಲ್ಲ. ದಕ್ಷಿಣದ ದೂರದ ನಾಡುಗಳಿಂದ ಅವುಗಳನ್ನು ತರಬೇಕಾಗಿತ್ತು. ಸಕ್ಕಾರಾದ ಬಬೂನ್‌ಗಳ ಎಲುಬುಗಳು ಬಿಸಿಲು ಕಾಣದೆ ಸೊಟ್ಟಗಾಗಿರುವುದು ಅವು ಕತ್ತಲಕೋಣೆಗಳಲ್ಲಿ ಬದುಕನ್ನು ಸವೆಸಿದುದಕ್ಕೆ ಸಾಕ್ಷಿ.

೬. ಹೋರನ ದಾಖಲೆಗಳು

ಎಮರಿಯ ಉತ್ಖನನದಲ್ಲಿ ದೊರೆತ ವಸ್ತುಗಳಲ್ಲಿ ಈ ಅಧ್ಯಯನಕ್ಕೆ ಅತ್ಯಂತ ಬೆಲೆಯುಳ್ಳದ್ದು ಮಡಕೆಯ ಚೂರುಗಳ ಮೇಲೆ ದೆಮೋಟಿಕ್ ಲಿಪಿಯಲ್ಲಿ ಬರೆದ ಬರಹಗಳ ಒಂದು ಗುಂಪು. ಜೆ.ಡಿ. ರೇ ೧೯೭೬ರಲ್ಲಿ ಇವುಗಳನ್ನು ಸಂಪಾದಿಸಿ ಪ್ರಕಟಿಸಿದರು. ಇವುಗಳನ್ನು ಬರೆದವನು ಕ್ರಿ.ಪೂ. ೨ನೆಯ ಶತಮಾನದಲ್ಲಿ ಬಾಳಿದ, ಸೆಬೆನ್ನಿಟಸ್ ಪ್ರಾಂತ್ಯದ ಹೋರ್ ಎಂಬ ಲಿಪಿಕಾರ. ಕನಸುಗಳಲ್ಲಿ ದೇವತೆಗಳು ತನಗೆ ಆದೇಶ ನೀಡುವರೆಂದು ನಂಬಿದ್ದ ಇವನು ಸಕ್ಕಾರಾದ ಐಬಿಸ್ ಆರಾಧನೆಗೆ ತನ್ನ ಬಾಳನ್ನು ಮುಡಿಪಾಗಿಟ್ಟನು. ಕ್ರಿ.ಪೂ. ೧೬೮ರಲ್ಲಿ ಸಿರಿಯದ ಅರಸ ನಾಲ್ಕನೆಯ ಆಂಟಿಯೋಕಸ್ ಈಜಿಪ್ಟಿನಿಂದ ಹಿಂತಿರುಗುವನೆಂದು ಕನಸಿನ ಬಲದಿಂದ ಮುಂಚಿತವಾಗಿ ನುಡಿದುದಾಗಿಯೂ ಅವನು ಹೇಳಿಕೊಂಡಿದ್ದಾನೆ.

ಹೋರನ ಬರಹಗಳಿಂದ ಹರಕೆಯ ಹಿಂದಿದ್ದ ವ್ಯವಸ್ಥೆಯ ಚಿತ್ರ ದೊರೆಯುತ್ತದೆ. ೬೦,೦೦೦ ಐಬಿಸ್‌ಗಳಿಗೆ ಬೇಕಾದ ಮೇವಿನ ಪ್ರಸ್ತಾಪ ಅಲ್ಲಿದೆ. ಹಕ್ಕಿಗಳನ್ನು ನೋಡಿಕೊಳ್ಳುವ ಸೇವಕರಿದ್ದರು. ಸತ್ತ ಹಕ್ಕಿಗಳನ್ನು ಶೇಖರಿಸಿಟ್ಟು ನಿಯತಕಾಲದಲ್ಲಿ ಸಾಮೂಹಿಕವಾಗಿ ಸುರಂಗಕ್ಕೆ ಒಯ್ಯುವ ಮೆರವಣಿಗೆಯಿತ್ತು. ಇದರ ಜೊತೆಗೆ ಅವ್ಯವಹಾರವೂ ಇತ್ತು. ಹಕ್ಕಿಗಳಿಗೆ ಸಲ್ಲಬೇಕಾದುದು ಸಲ್ಲುತ್ತಿಲ್ಲ, ವಿಧಿಗಳು ಸರಿಯಾಗಿ ನಡೆಯುತ್ತಿಲ್ಲ ಎಂಬ ದೂರುಗಳು ಅವನ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ವಿಷಯ ಪುರೋಹಿತರ ಮಂಡಲಿಯ ಮುಂದೆ ಹೋಗಿ ಸುಧಾರಣೆಯ ಕ್ರಮಗಳು ನಿರ್ಧಾರವಾದವು. ಅವುಗಳಲ್ಲಿ ಒಂದು ನಿಯಮ ಗಮನಾರ್ಹ: ಒಂದು ಪಾತ್ರೆಯಲ್ಲಿ ಒಂದೇ ದೇವರು ಇರತಕ್ಕದ್ದು.

ಈ ಕಿರಿದಾದ ನಿಯಮದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮಡಕೆಯೊಳಗಿನ ಸತ್ತ ಹಕ್ಕಿಯನ್ನು 'ದೇವರು' ಎಂದೇ ಕರೆಯಲಾಗಿದೆ. ಅದು ದೇವರಿಗೆ ಕೊಟ್ಟ ವಸ್ತು ಮಾತ್ರವಲ್ಲ. ಸಂಸ್ಕಾರದ ಬಳಿಕ ಅದೇ ದೈವತ್ವವನ್ನು ಪಡೆದಿದೆ. ಎರಡನೆಯದಾಗಿ, ಇಂಥ ನಿಯಮವನ್ನು ಮಾಡಬೇಕಾಯಿತೆಂಬುದೇ ಅದು ಪಾಲನೆಯಾಗುತ್ತಿರಲಿಲ್ಲವೆಂಬುದಕ್ಕೆ ಆಧಾರ. ಒಂದೇ ಮಡಕೆಯಲ್ಲಿ ಹಲವು ಹಕ್ಕಿಗಳನ್ನು ತುಂಬುವುದೋ ಹಕ್ಕಿಯೇ ಇಲ್ಲದ ಮಡಕೆಯನ್ನು ಮುಚ್ಚಿಡುವುದೋ ನಡೆದಿರಬೇಕು. ಹೋರ್ ಆರಾಧನೆಯ ವಿರೋಧಿಯಲ್ಲ. ಅದರ ಒಳಗಿನ ಮನುಷ್ಯ, ಅದರಲ್ಲಿ ಪೂರ್ಣ ನಂಬಿಕೆಯಿಟ್ಟವನು. ಆದುದರಿಂದ ಅವನ ದೂರಿಗೆ ಹೊರಗಿನವರ ಟೀಕೆಗಿಂತ ಹೆಚ್ಚಿನ ತೂಕವಿದೆ.

೭. ಪ್ರಾಣಿಯಿಲ್ಲದ ಮಮ್ಮಿ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಲಿಡಿಯಾ ಮೆಕ್‌ನೈಟ್, ಸ್ಟೆಫನಿ ಅಥರ್ಟನ್-ವೂಲ್ಹಮ್ ಮೊದಲಾದವರು ಎಕ್ಸ್-ರೇ ಹಾಗೂ ಸಿ.ಟಿ. ಸ್ಕ್ಯಾನ್ ನೆರವಿನಿಂದ, ಕಟ್ಟನ್ನು ಬಿಚ್ಚದೆಯೇ, ೮೦೦ಕ್ಕೂ ಹೆಚ್ಚು ಮಮ್ಮಿಗಳನ್ನು ಪರೀಕ್ಷಿಸಿದರು. ೨೦೧೫ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ ಸುಮಾರು ಮೂರನೆಯ ಒಂದು ಭಾಗದಲ್ಲಿ ಪೂರ್ಣ ಪ್ರಾಣಿಯೂ ಮೂರನೆಯ ಒಂದು ಭಾಗದಲ್ಲಿ ಕೆಲವು ಎಲುಬುಗಳೂ ಇದ್ದವು. ಉಳಿದ ಮೂರನೆಯ ಒಂದು ಭಾಗದಲ್ಲಿ ಪ್ರಾಣಿಯ ಎಲುಬೇ ಇರಲಿಲ್ಲ. ಮಣ್ಣು, ಕಡ್ಡಿ, ಜೊಂಡು, ಗರಿ, ಮೊಟ್ಟೆಯ ಚಿಪ್ಪು ಮೊದಲಾದವುಗಳನ್ನು ಬಟ್ಟೆಯಲ್ಲಿ ಸುತ್ತಲಾಗಿತ್ತು.

ಇವುಗಳನ್ನು 'ಪೊಳ್ಳು ಮಮ್ಮಿ' ಎಂದು ಕರೆದು, ಪುರೋಹಿತರು ಯಾತ್ರಿಕರಿಗೆ ಮಾಡಿದ ಮೋಸವೆಂದು ತೀರ್ಮಾನಿಸಿಬಿಡುವುದು ಸುಲಭ. ಹೋರನ ಸಾಕ್ಷ್ಯ ಈ ತೀರ್ಮಾನಕ್ಕೆ ಸ್ವಲ್ಪಮಟ್ಟಿಗೆ ಇಂಬುಕೊಡುತ್ತದೆ. ಆದರೆ ಮ್ಯಾಂಚೆಸ್ಟರಿನ ವಿದ್ವಾಂಸರು ಬೇರೊಂದು ವಿವರಣೆಯನ್ನು ಮುಂದಿಡುತ್ತಾರೆ. ಗರಿ, ಚಿಪ್ಪು, ಗೂಡಿನ ಜೊಂಡು ಇವು ಪವಿತ್ರ ಪ್ರಾಣಿಯ ಸಂಪರ್ಕಕ್ಕೆ ಬಂದ ವಸ್ತುಗಳು. ಮಣ್ಣು ಪವಿತ್ರ ಆವರಣದ್ದು. ಅವುಗಳನ್ನು ಹೊರಗೆ ಎಸೆಯುವುದೇ ಅಪಚಾರವಾಗಿದ್ದಿತು. ಇಂಥವುಗಳನ್ನು ಸುತ್ತುವಲ್ಲಿ ತೋರಿದ ಶ್ರದ್ಧೆಯೂ ಪೂರ್ಣ ಪ್ರಾಣಿಗೆ ತೋರಿದ ಶ್ರದ್ಧೆಗಿಂತ ಕಡಿಮೆಯಲ್ಲ. ಎರಡು ಬಣ್ಣದ ನಾರುಬಟ್ಟೆಯ ಪಟ್ಟಿಗಳನ್ನು ಜಾಲಂಧ್ರದಂತೆ ಹೆಣೆದು, ಮುಖವನ್ನು ಚಿತ್ರಿಸಿ ಸಿದ್ಧಪಡಿಸಿದ ಎಷ್ಟೋ ಕಟ್ಟುಗಳ ಒಳಗೆ ಇರುವುದು ಕೇವಲ ಗರಿಗಳು. ಮೋಸಗಾರನಿಗೆ ಇಷ್ಟು ದುಡಿಮೆ ಅನಗತ್ಯವೆಂಬ ವಾದವನ್ನು ತಳ್ಳಿಹಾಕುವಂತಿಲ್ಲ; ಹೊರನೋಟ ಚೆನ್ನಾಗಿದ್ದರೇನೇ ಮೋಸ ಫಲಿಸುತ್ತದೆಂಬ ಪ್ರತಿವಾದವೂ ಅಷ್ಟೇ ಸಾಧುವಾದುದು.

ಇಲ್ಲಿ ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಒತ್ತಾಯವಿಲ್ಲ. ಅಂಶವು ಪೂರ್ಣವನ್ನು ಪ್ರತಿನಿಧಿಸಬಲ್ಲದೆಂಬ ನಂಬಿಕೆ ಧಾರ್ಮಿಕವಾಗಿ ಅಂಗೀಕೃತವಾಗಿದ್ದಲ್ಲಿ, ಆ ನಂಬಿಕೆಯ ಮರೆಯಲ್ಲಿ ಸೋಮಾರಿತನಕ್ಕೂ ಲಾಭಕೋರತನಕ್ಕೂ ಎಡೆ ದೊರೆಯುತ್ತದೆ. ಹೋರ್ ಖಂಡಿಸಿದುದು ಆ ದುರುಪಯೋಗವನ್ನು. ಸಕ್ಕಾರಾದ ಒಂದು ಶತಮಾನದ ಅವ್ಯವಹಾರವನ್ನು ಇಡೀ ನಾಡಿನ, ಹಲವು ಶತಮಾನಗಳ ಆಚರಣೆಗೆ ಅನ್ವಯಿಸುವುದು ಅತಿವ್ಯಾಪ್ತಿಯಾಗುತ್ತದೆ.

ಸಂಸ್ಕಾರದ ಗುಣಮಟ್ಟದ ಬಗೆಗೂ ಇಂಥದೇ ಪೂರ್ವಗ್ರಹವಿತ್ತು. ಪ್ರಾಣಿಗಳನ್ನು ರಾಳದಲ್ಲಿ ಅದ್ದಿ ಅವಸರದಿಂದ ಸುತ್ತಿಬಿಡುತ್ತಿದ್ದರೆಂಬ ಭಾವನೆಯಿತ್ತು. ೨೦೦೪ರಲ್ಲಿ ಸ್ಟೀಫನ್ ಬಕ್ಲಿ, ಕ್ಯಾಥರಿನ್ ಕ್ಲಾರ್ಕ್, ರಿಚರ್ಡ್ ಎವರ್‌ಶೆಡ್ ಅವರು ಲಿವರ್‌ಪೂಲ್ ಮ್ಯೂಸಿಯಮ್ಮಿನ ಬೆಕ್ಕು, ಗಿಡುಗ, ಐಬಿಸ್ ಮಮ್ಮಿಗಳ ಲೇಪವನ್ನು ವಿಶ್ಲೇಷಿಸಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊಬ್ಬು, ಎಣ್ಣೆ, ಜೇನುಮೇಣ, ಮರದ ರಾಳ, ಬಿಟುಮೆನ್ ಇವುಗಳ ಸಂಕೀರ್ಣ ಮಿಶ್ರಣ ಅದರಲ್ಲಿತ್ತು; ಮನುಷ್ಯರ ಮಮ್ಮಿಗಳಿಗೆ ಬಳಸಿದ ಲೇಪಕ್ಕೆ ಅದು ಸರಿಸಮಾನವಾಗಿತ್ತು.

೮. ಕೊಲೆ ಮತ್ತು ಪಾವಿತ್ರ್ಯ

ಪೀಠಿಕೆಯಲ್ಲಿ ಎತ್ತಿದ ಮೊದಲ ಪ್ರಶ್ನೆಗೆ ಈಗ ಬರಬಹುದು. ಹೆರೊಡೋಟಸ್ ತನ್ನ ಗ್ರಂಥದ ಎರಡನೆಯ ಭಾಗದಲ್ಲಿ, ಪವಿತ್ರ ಪ್ರಾಣಿಯನ್ನು ಬೇಕೆಂದು ಕೊಂದರೆ ಮರಣದಂಡನೆಯೆಂದೂ ಐಬಿಸ್ ಅಥವಾ ಗಿಡುಗವನ್ನಾದರೆ ತಿಳಿಯದೆ ಕೊಂದರೂ ಅದೇ ಶಿಕ್ಷೆಯೆಂದೂ ಹೇಳುತ್ತಾನೆ. ಮನೆಯ ಬೆಕ್ಕು ಸತ್ತರೆ ಮನೆಮಂದಿ ಹುಬ್ಬನ್ನು ಬೋಳಿಸಿಕೊಳ್ಳುವರೆಂದೂ ಬೆಕ್ಕುಗಳನ್ನು ಬುಬಾಸ್ಟಿಸಿಗೆ ಒಯ್ದು ಸಂಸ್ಕರಿಸಿ ಹೂಳುವರೆಂದೂ ಅವನ ವಿವರಣೆ. ಕ್ರಿ.ಪೂ. ೬೦ರ ಸುಮಾರಿನಲ್ಲಿ ಈಜಿಪ್ಟಿಗೆ ಹೋಗಿದ್ದ ಡಯೊಡೋರಸ್, ಬೆಕ್ಕನ್ನು ಕೊಂದ ರೋಮನ್ನನೊಬ್ಬನ ಮೇಲೆ ಜನ ಮುಗಿಬಿದ್ದುದನ್ನು ಕಣ್ಣಾರೆ ಕಂಡುದಾಗಿ ಬರೆದಿದ್ದಾನೆ. ಅರಸನು ಕಳುಹಿಸಿದ ಅಧಿಕಾರಿಗಳಾಗಲಿ ರೋಮಿನ ಭಯವಾಗಲಿ ಅವನನ್ನು ಉಳಿಸಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ಎಲುಬಿನ ಸಾಕ್ಷ್ಯ. ಲಂಡನ್ನಿನಲ್ಲಿರುವ ಬೆಕ್ಕಿನ ಮಮ್ಮಿಗಳನ್ನು ಎಕ್ಸ್-ರೇ ಮೂಲಕ ಪರೀಕ್ಷಿಸಿದ ಆರ್ಮಿಟೇಜ್ ಮತ್ತು ಕ್ಲಟನ್-ಬ್ರಾಕ್, ಹಲವು ಬೆಕ್ಕುಗಳು ಎಳೆಯ ಪ್ರಾಯದಲ್ಲಿ ಕತ್ತು ಮುರಿದು ಸತ್ತಿದ್ದವೆಂದು ೧೯೮೧ರಲ್ಲಿಯೇ ತೋರಿಸಿದರು. ೨೦೨೦ರಲ್ಲಿ ಸ್ವಾನ್ಸೀ ವಿಶ್ವವಿದ್ಯಾನಿಲಯದ ರಿಚರ್ಡ್ ಜಾನ್‌ಸ್ಟನ್ ಮತ್ತು ಸಂಗಡಿಗರು ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಮೂಲಕ ಬೆಕ್ಕು, ಹಕ್ಕಿ, ಹಾವು ಈ ಮೂರು ಮಮ್ಮಿಗಳನ್ನು ಪರೀಕ್ಷಿಸಿದರು. ಬೆಕ್ಕು ಐದು ತಿಂಗಳೂ ತುಂಬದ ಮರಿ. ಅದರ ಕತ್ತಿನ ಮೂಳೆ ಮುರಿದಿತ್ತು. ಹಾವು ಎಳೆಯ ನಾಗರ. ಬಾಲ ಹಿಡಿದು ಬೀಸಿ ಬಡಿದಾಗ ಆಗುವಂಥ ಗಾಯಗಳು ಅದರ ಬೆನ್ನೆಲುಬಿನಲ್ಲಿದ್ದವು. ಸಾಯುವ ಮೊದಲು ಅದಕ್ಕೆ ನೀರು ಸಾಕಷ್ಟು ದೊರೆತಿರಲಿಲ್ಲವೆಂಬ ಕುರುಹೂ ಅದರ ಮೂತ್ರಪಿಂಡದಲ್ಲಿತ್ತು.

ಎರಡು ಸಾಕ್ಷ್ಯಗಳಲ್ಲಿ ಒಂದು ಸುಳ್ಳಾಗಬೇಕಿಲ್ಲ. ನಿಷೇಧವು ಅನ್ವಯವಾಗುತ್ತಿದ್ದುದು ದೇವಾಲಯದ ವಿಧಿಯ ಹೊರಗೆ ನಡೆಯುವ ಹತ್ಯೆಗೆ. ವಿಧಿಯ ಒಳಗೆ ಅದೇ ಕೃತ್ಯದ ಹೆಸರು ಬೇರೆ, ಅರ್ಥ ಬೇರೆ. ಈಜಿಪ್ಟಿನ ಧರ್ಮದ ಕೇಂದ್ರಕಥೆಯಾದ ಒಸೈರಿಸ್ ವೃತ್ತಾಂತವನ್ನು ಇಲ್ಲಿ ನೆನೆಯಬೇಕು. ಒಸೈರಿಸ್ ದೇವನೇ ಕೊಲೆಯಾದವನು. ಅನೂಬಿಸ್ ಅವನ ದೇಹವನ್ನು ಸುತ್ತಿ ಸಂಸ್ಕರಿಸಿದ ಬಳಿಕವೇ ಅವನು ಪರಲೋಕದ ಒಡೆಯನಾದನು. ಸತ್ತ ಐಬಿಸನ್ನು 'ಒಸೈರಿಸ್-ಐಬಿಸ್' ಎಂದು ಕರೆಯುವುದರಲ್ಲಿ ಈ ಕಥೆಯ ಪುನರಾವರ್ತನೆಯಿದೆ. ಮೈತುಂಬ ಬಟ್ಟೆ ಸುತ್ತಿಸಿಕೊಂಡ ಆ ಜೀವ ದೇವರ ಸಂಗಾತಿಯಾಗಿ ಭಕ್ತನ ಮೊರೆಯನ್ನು ಎಡೆಬಿಡದೆ ಮುಟ್ಟಿಸುವ ದೂತನಾಗುತ್ತದೆ. ಸಾವು ಇಲ್ಲಿ ಕೊನೆಯಲ್ಲ, ಪದವಿ.

ಈ ವಿವರಣೆ ಭಕ್ತನ ಕಡೆಯಿಂದ ಸುಸಂಗತವಾಗಿದೆ. ಆದರೆ ವಿವರಣೆ ದೊರೆತೊಡನೆ ಎಲುಬಿನ ಸಾಕ್ಷ್ಯವನ್ನು ಬದಿಗಿಡುವುದು ಸರಿಯಲ್ಲ. ಬಿಸಿಲು ಕಾಣದ ಬಬೂನ್, ನೀರು ಸಾಲದ ಹಾವು ಇವು ಪಾವಿತ್ರ್ಯವು ಉತ್ಪಾದನೆಯಾಗಿ ಮಾರ್ಪಟ್ಟಾಗ ಏನಾಗುತ್ತದೆಂಬುದನ್ನು ತೋರಿಸುತ್ತವೆ. ದೇವರಾಗಲಿರುವ ಪ್ರಾಣಿಯ ಬಗೆಗೆ ಇದ್ದ ಗೌರವ ಜೀವವಿದ್ದಾಗಲೂ ಅದಕ್ಕೆ ಸಲ್ಲುತ್ತಿತ್ತೆಂದು ಹೇಳುವಂತಿಲ್ಲ.

೯. ಅನಂತರದ ಚರಿತ್ರೆ

ಕ್ರೈಸ್ತಧರ್ಮ ಹಬ್ಬಿದಂತೆ ಈ ಆರಾಧನೆ ಕ್ಷೀಣಿಸಿತು. ಆರ್ಮಾಂಟ್ ಎಂಬಲ್ಲಿ ಬೂಕಿಸ್ ಎಂಬ ಪವಿತ್ರ ಹೋರಿಯ ಕೊನೆಯ ಶಾಸನ ಕ್ರಿ.ಶ. ೩೪೦ರದು. ಅನಂತರ ಶತಮಾನಗಳ ಕಾಲ ಮರಳಿನಡಿ ಮಲಗಿದ್ದ ಮಮ್ಮಿಗಳು ೧೯ನೆಯ ಶತಮಾನದಲ್ಲಿ ಮತ್ತೆ ಹೊರಬಂದವು. ನೆಪೋಲಿಯನ್ನನ ದಂಡಯಾತ್ರೆಯ ವಿಜ್ಞಾನಿಗಳು ತಂದ ಐಬಿಸ್ ಮಮ್ಮಿಗಳನ್ನು ಜೀವಂತ ಹಕ್ಕಿಯೊಡನೆ ಹೋಲಿಸಿದ ಫ್ರಾನ್ಸಿನ ಕುವಿಯೆ, ಸಾವಿರಾರು ವರ್ಷಗಳಲ್ಲಿ ಜೀವಜಾತಿ ಬದಲಾಗಿಲ್ಲವೆಂದು ವಾದಿಸಿದನು. ಹೀಗೆ ದೇವರಿಗೆ ಒಪ್ಪಿಸಿದ ಹಕ್ಕಿ ವಿಕಾಸವಾದದ ಆರಂಭದ ವಾಗ್ವಾದದಲ್ಲಿ ಸಾಕ್ಷಿಯಾಯಿತು.

ಬೆಕ್ಕುಗಳಿಗೆ ಅಷ್ಟು ಮರ್ಯಾದೆಯೂ ದೊರೆಯಲಿಲ್ಲ. ೧೮೮೮ರಲ್ಲಿ ಬೆನಿ ಹಸನ್ ಬಳಿ ರೈತನೊಬ್ಬನಿಗೆ ಬೆಕ್ಕಿನ ಮಮ್ಮಿಗಳ ಭಾರಿ ನಿಕ್ಷೇಪ ಕಣ್ಣಿಗೆ ಬಿದ್ದಿತು. ಅವುಗಳಲ್ಲಿ ಸುಮಾರು ೧,೮೦,೦೦೦ ಬೆಕ್ಕುಗಳ ಅವಶೇಷಗಳನ್ನು, ಸುಮಾರು ೧೯ ಟನ್ ತೂಕದಷ್ಟನ್ನು, ೧೮೯೦ರಲ್ಲಿ ಲಿವರ್‌ಪೂಲಿಗೆ ಹಡಗಿನಲ್ಲಿ ಸಾಗಿಸಿ ಗೊಬ್ಬರಕ್ಕೆಂದು ಹರಾಜು ಹಾಕಲಾಯಿತು. ಹರಾಜು ಕೂಗುವವನು ಬೆಕ್ಕಿನ ತಲೆ ಒಂದನ್ನೇ ಸುತ್ತಿಗೆಯಾಗಿ ಬಳಸಿದನೆಂಬುದು ದಾಖಲಾಗಿದೆ. ಅಷ್ಟು ಜನರ ಮೊರೆ ಇಂಗ್ಲೆಂಡಿನ ಹೊಲಗಳ ಪಾಲಾಯಿತು.

ಮೊಸಳೆಗಳ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯದು. ೧೯೦೦ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು ಫಯೂಮಿನ ಟೆಬ್ಟುನಿಸಿನಲ್ಲಿ ಉತ್ಖನನ ನಡೆಸುತ್ತಿದ್ದಾಗ ಗೋರಿಗಳ ಬದಲು ಮೊಸಳೆಗಳೇ ಸಿಗುತ್ತಿದ್ದವು. ಬೇಸತ್ತ ಕೂಲಿಯಾಳು ಒಂದು ಮೊಸಳೆಯನ್ನು ಒಡೆದಾಗ ಅದರೊಳಗಿಂದ ಪಪೈರಸ್ ಸುರುಳಿಗಳು ಹೊರಬಿದ್ದವು. ಕೆಲಸ ಮುಗಿದ ಹಳೆಯ ಕಾಗದಪತ್ರಗಳನ್ನು ಮೊಸಳೆಗಳಿಗೆ ಸುತ್ತಲು, ತುಂಬಲು ಬಳಸಲಾಗಿತ್ತು. ಕ್ರಿ.ಪೂ. ೨ನೆಯ ಶತಮಾನದ ಕೊನೆಯ ಭಾಗದಲ್ಲಿ ಕೆರ್ಕಿಯೊಸಿರಿಸ್ ಎಂಬ ಹಳ್ಳಿಯ ಶಾನುಭೋಗನಂತಿದ್ದ ಮೆಂಕೆಸ್‌ನ ಜಮೀನು ಮತ್ತು ಕಂದಾಯದ ಲೆಕ್ಕಗಳು ಉಳಿದುಬಂದುದು ಹೀಗೆ. ಇದೇ ಇಬ್ಬರು ವಿದ್ವಾಂಸರು ಆಕ್ಸಿರಿಂಕಸ್ ಊರಿನ ಕಸದ ಗುಡ್ಡೆಗಳಿಂದ ಹೊರತೆಗೆದು ೧೯೦೩ರಲ್ಲಿ ಪ್ರಕಟಿಸಿದ ಪಪೈರಸ್‌ಗಳಲ್ಲಿ ಕನ್ನಡ ವಿದ್ವತ್ತಿಗೆ ಚಿರಪರಿಚಿತವಾದ 'ಚಾರಿಷನ್' ಪ್ರಹಸನವೂ ಒಂದು. ಅದರ ಪರಭಾಷೆಯ ಮಾತುಗಳು ಕನ್ನಡದವೆಂದು ಹುಲ್ಟ್ಶ್ ೧೯೦೪ರಲ್ಲಿ ಸೂಚಿಸಿದುದೂ ಆ ಬಗ್ಗೆ ಒಮ್ಮತ ಮೂಡದಿರುವುದೂ ತಿಳಿದ ವಿಷಯ. ಆ ಪ್ರಹಸನ ಮೊಸಳೆಯ ಹೊಟ್ಟೆಯಿಂದ ಬಂದುದಲ್ಲ. ಆದರೆ ಎರಡು ಪ್ರಸಂಗಗಳೂ ಸಾರುವ ಸಂಗತಿ ಒಂದೇ: ಆಕರಗಳು ಉಳಿಯುವುದು ಅವುಗಳನ್ನು ಉಳಿಸಬೇಕೆಂದವರ ಇಚ್ಛೆಯಿಂದ ಮಾತ್ರವಲ್ಲ.

೧೦. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಒಂದನೆಯದಾಗಿ, ಹರಕೆಯ ಮಮ್ಮಿಯನ್ನು ಬಲಿಯೆಂದಾಗಲಿ ಪ್ರಾಣಿಪೂಜೆಯೆಂದಾಗಲಿ ಕರೆಯುವುದು ಸಮರ್ಪಕವಲ್ಲ. ಅದು ಜೀವವೊಂದನ್ನು ಸಾವಿನ ಮೂಲಕ ದೈವತ್ವಕ್ಕೆ ಏರಿಸಿ ಭಕ್ತನ ದೂತನನ್ನಾಗಿಸುವ ಕ್ರಮ. ಎರಡನೆಯದಾಗಿ, ಪ್ರಾಣಿಹತ್ಯೆಯ ನಿಷೇಧ ಮತ್ತು ವಿಧಿಬದ್ಧ ಹತ್ಯೆ ಪರಸ್ಪರ ವಿರುದ್ಧವಲ್ಲ. ಪಾವಿತ್ರ್ಯದ ಗಡಿಯನ್ನು ಎಳೆಯುವ ಅಧಿಕಾರ ದೇವಾಲಯದ್ದಾಗಿತ್ತೆಂಬುದನ್ನು ಅವೆರಡೂ ಸೇರಿ ತಿಳಿಸುತ್ತವೆ. ಮೂರನೆಯದಾಗಿ, ಪ್ರಾಣಿಯಿಲ್ಲದ ಮಮ್ಮಿಗಳೆಲ್ಲವನ್ನೂ ವಂಚನೆಯೆನ್ನುವುದು ಎಷ್ಟು ಅವಸರದ ಮಾತೋ, ಎಲ್ಲವನ್ನೂ ಭಕ್ತಿಯೆನ್ನುವುದೂ ಅಷ್ಟೇ ಅವಸರದ ಮಾತು.

ಹೆರೊಡೋಟಸ್ ಕಂಡದ್ದು ಜನರ ಶ್ರದ್ಧೆಯನ್ನು. ಹೋರ್ ಕಂಡದ್ದು ಆಡಳಿತದ ಲೋಪವನ್ನು. ಸ್ಕ್ಯಾನ್ ಯಂತ್ರ ಕಂಡದ್ದು ಮುರಿದ ಕತ್ತನ್ನು. ಈ ಮೂರರಲ್ಲಿ ಯಾವುದೊಂದನ್ನು ಬಿಟ್ಟರೂ ಚಿತ್ರ ಅಪೂರ್ಣ. ಜನಸಾಮಾನ್ಯರ ಧರ್ಮವನ್ನು ಅರಿಯಲು ಬಯಸುವ ಯಾವುದೇ ಅಧ್ಯಯನಕ್ಕೂ, ಅದು ಯಾವ ನಾಡಿನದೇ ಆಗಲಿ, ಒಪ್ಪಿಸಿದವನ ನಂಬಿಕೆ, ಒಪ್ಪಿಸಿಕೊಂಡ ಸಂಸ್ಥೆಯ ವ್ಯವಹಾರ, ಒಪ್ಪಿತವಾದ ಜೀವದ ಪಾಡು ಎಂಬ ಈ ಮೂರು ನೆಲೆಗಳನ್ನು ಒಟ್ಟಿಗೆ ನೋಡುವುದು ಅನಿವಾರ್ಯ.